ಅಪ್ಪನ ಫೋಟೊ ಗೋಡೆಯ ಮೇಲೇ ಇರಲಿ

ಈ ಸಲವೂ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ. ಒಂದು ಫೋಟೊ ಒಳಗೆ ಇನ್ನೊಂದು ಫೋಟೊ ಕೂರಿಸುವುದು ಹೇಗೆ? ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳ ಹಾಗೆ, ಅದನ್ನು ಮತ್ತೆ ವಿವರಿಸಲ್ಲ. ಫೋಟೊಶಾಪ್‌ಗೆ ಲೇಯರ್ ಬಂದಿದ್ದು 1994ರಲ್ಲಿ. ಇವತ್ತಿಗೂ ಎಲ್ಲವನ್ನೂ ಒಂದೇ ಲೇಯರ್‌ಗೆ ಅಂಟಿಸಿ ಸೇವ್ ಮಾಡಿ, ‘ಈಗ ಸ್ವಲ್ಪ ಪಕ್ಕಕ್ಕೆ ಸರಿಸಬೇಕಲ್ಲ’ ಅಂದರೆ ನಾನೇನು ಮಾಡಲಿ?

ಪ್ರಶ್ನೆ: ತಂಗಿ ಮದುವೆಯ ಗುಂಪು ಫೋಟೊದಲ್ಲಿ, ತೀರಿಹೋದ ಅಪ್ಪನನ್ನು ಅಮ್ಮನ ಪಕ್ಕ ನಿಲ್ಲಿಸಿದ್ದೇನೆ. ಅವರದು ಪಾಸ್‌ಪೋರ್ಟ್ ಫೋಟೊ ಒಂದೇ ಇರುವುದು. ಕಟಿಂಗ್ ನೀಟಾಗಿದೆ. ಆದರೂ ಅಂಟಿಸಿದ ಹಾಗೆ ಕಾಣುತ್ತೆ. ಏನು ತಪ್ಪು?

ಉತ್ತರ: ಕಟಿಂಗ್ ಸರಿ ಇರಬಹುದು. ಬೆಳಕು ಸರಿ ಇಲ್ಲ. ಪಾಸ್‌ಪೋರ್ಟ್ ಫೋಟೊದಲ್ಲಿ ಎರಡೂ ಕೆನ್ನೆಗೆ ಒಂದೇ ಸಮ ಬೆಳಕು. ಮಂಟಪದಲ್ಲಿ ವಿಡಿಯೋ ಲೈಟು ಒಂದೇ ಕಡೆಯಿಂದ ಹೊಡೆದಿರುತ್ತದೆ, ಎಲ್ಲರ ಮೂಗಿನ ನೆರಳೂ ಒಂದೇ ಪಕ್ಕಕ್ಕೆ ಬಿದ್ದಿರುತ್ತದೆ. ಅಪ್ಪನದು ಮಾತ್ರ ಬಿದ್ದಿಲ್ಲ. ಬೇರೆ ಫೋಟೊ ಸಿಕ್ಕಿ, ಅದರಲ್ಲಿ ಬೆಳಕು ಎದುರು ಪಕ್ಕದಿಂದ ಬಂದಿದ್ದರೆ ತಿರುಗಿಸಿಬಿಡೋಣ ಅನ್ನಿಸುತ್ತದೆ. ತಿರುಗಿಸಿದರೆ ಶರ್ಟಿನ ಜೇಬು ಬಲಕ್ಕೆ ಬರುತ್ತದೆ, ಬೈತಲೆ ಆಚೆ ಕಡೆ ಹೋಗುತ್ತದೆ. ಬೇರೆಯವರಿಗೆ ಗೊತ್ತಾಗಲ್ಲ, ಅಮ್ಮನಿಗೆ ಗೊತ್ತಾಗುತ್ತದೆ.

ನಾನೂ ಹಿಂದೆ ಇದನ್ನು ಮಾಡಿದ್ದೇನೆ. ಪಾಸ್‌ಪೋರ್ಟ್ ಫೋಟೊದ ತಲೆಗೆ ಇನ್ಯಾರದೋ ಪಂಚೆ ಉಟ್ಟ ಮೈ ಸೇರಿಸಿ ಕೊಟ್ಟೆ. ಆ ಮನೆಯ ಅಜ್ಜಿ ತುಂಬಾ ಹೊತ್ತು ನೋಡಿ, ‘ಈ ಕೈ ಯಾರದಪ್ಪಾ?’ ಅಂದರು. ಅವತ್ತೇ ಬಿಟ್ಟೆ.

ಅದಕ್ಕೇ ಹೇಳುವುದು, ಅಪ್ಪನನ್ನು ನಿಲ್ಲಿಸಬೇಡಿ. ಮನೆಯ ಹಾಲ್‌ನಲ್ಲಿ ತೆಗೆದ ಗುಂಪು ಫೋಟೊ ಇದ್ದೇ ಇರುತ್ತದೆ, ಹಿಂದೆ ಗೋಡೆಯಲ್ಲಿ ಹಾರ ಹಾಕಿದ ಅವರ ಫೋಟೊ ಕೂಡ. ಫ್ಲ್ಯಾಶ್ ಗಾಜಿಗೆ ಬಡಿದು ಮುಖ ಬೆಳ್ಳಗಾಗಿದೆ, ಅಷ್ಟೇ ಅಲ್ವಾ? ಆ ಫ್ರೇಮಿನೊಳಗೆ ಮುಖ ವಾಪಸ್ ಕೂರಿಸಿ.

ಹಳೆಯ ಫೋಟೊಗೆ ಫೋನ್ ಹಿಡಿದು ಕ್ಲಿಕ್ಕಿಸಬೇಡಿ, ಸ್ಕ್ಯಾನ್ ಮಾಡಿಸಿ. 3.5 ಸೆಂ.ಮೀ. ಅಗಲದ ಫೋಟೊವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ ಸುಮಾರು 827 ಪಿಕ್ಸೆಲ್ ಸಿಗುತ್ತದೆ. ಫ್ರೇಮಿಗೆ ಧಾರಾಳ. ಅದನ್ನು ಫೈಲ್ ಮೆನುವಿನ ಪ್ಲೇಸ್ ಎಂಬೆಡೆಡ್ ಕೊಟ್ಟು ತನ್ನಿ. ಮೂಲ ಫೋಟೊವನ್ನು ಒಳಗೇ ಇಟ್ಟುಕೊಳ್ಳುವ ಸ್ಮಾರ್ಟ್ ಆಬ್ಜೆಕ್ಟ್ ಆಗಿ ಬರುವುದರಿಂದ ಚಿಕ್ಕದು ಮಾಡಿ ಮತ್ತೆ ದೊಡ್ಡದು ಮಾಡಿದರೂ ಕೆಡುವುದಿಲ್ಲ. ಕೆಳಗಿನ ಫ್ರೇಮು ಕಾಣುವ ಹಾಗೆ ಒಪಾಸಿಟಿ 50ಕ್ಕೆ ಇಳಿಸಿ. ಕಂಟ್ರೋಲ್ ಟಿ ಒತ್ತಿ, ಆಮೇಲೆ ಕಂಟ್ರೋಲ್ ಹಿಡಿದುಕೊಂಡೇ ಒಂದೊಂದು ಮೂಲೆಯನ್ನೂ ಫ್ರೇಮಿನ ಮೂಲೆಗೆ ಎಳೆಯಿರಿ. ಮೊಳೆಗೆ ನೇತುಹಾಕಿದ ಫ್ರೇಮು ಮುಂದಕ್ಕೆ ಬಾಗಿರುತ್ತದೆ. ಮೇಲಂಚು ಕೊಂಚ ಅಗಲ ಕಂಡರೆ ಕಾಣಲಿ, ನೇರ ಮಾಡಲು ಹೋಗಬೇಡಿ.

ಈಗ ಒಪಾಸಿಟಿ ಮತ್ತೆ 100 ಮಾಡಿ. ಮರದ ಪಟ್ಟಿಯ ನೆರಳು ಫೋಟೊ ಮೇಲೆ ಬೀಳಬೇಕು. ಇನ್ನರ್ ಶ್ಯಾಡೋ ಕೊಡಿ, ತೆಳ್ಳಗೆ. ಹಾರ ಫೋಟೊದ ಮೇಲೆ ಬರಬೇಕಲ್ಲ, ಅದಕ್ಕೆ ಲೇಯರ್ ಮಾಸ್ಕ್, ಕಪ್ಪು ಬ್ರಷ್. ಮಾಸ್ಕ್ ಮೇಲೆ ಕಪ್ಪು ಬಳಿದ ಕಡೆ ಲೇಯರ್ ಅಳಿಯದೆ ಮರೆಯಾಗುತ್ತದೆ. ಎರೇಸರ್ ಮುಟ್ಟಬೇಡಿ. ಇಲ್ಲೊಂದು ವಿಷಯವಿದೆ. ಮಾಸ್ಕನ್ನು ಅದೇ ಲೇಯರ್‌ಗೆ ಹಾಕಿದರೆ ಹಾರದ ಒಂದೊಂದು ಹೂವಿನ ಸುತ್ತಲೂ ನೆರಳಿನ ಗೆರೆ ಮೂಡುತ್ತದೆ. ಲೇಯರನ್ನು ಗ್ರೂಪ್ ಮಾಡಿ, ಮಾಸ್ಕನ್ನು ಗ್ರೂಪಿಗೆ ಕೊಡಿ. ಗೆರೆ ಹೋಗುತ್ತದೆ.

ಇನ್ನು ಗಾಜು. ಗಾಜಿನ ಹಿಂದಿನ ಕಪ್ಪು ಅಚ್ಚ ಕಪ್ಪಾಗಿ ಕಾಣಲ್ಲ. ಬೆಳಕು-ಕಪ್ಪು ಹೊಂದಿಸುವ ಕರ್ವ್ಸ್‌ನಲ್ಲಿ ಎಡಗಡೆ ಕೆಳಗಿನ ಬಿಂದುವನ್ನು ಒಂಚೂರು ಮೇಲೆತ್ತಿ. ಕೂದಲು ಕಪ್ಪಿನಿಂದ ಬೂದಿ ಬಣ್ಣಕ್ಕೆ ತಿರುಗಿದ ತಕ್ಷಣ ನಿಲ್ಲಿಸಿ. ಟ್ಯೂಬ್‌ಲೈಟಿನ ಪ್ರತಿಬಿಂಬ ಮಸುಕಾಗಿ ಒಂದು ಮೂಲೆಯಲ್ಲಿದ್ದರೆ ಇನ್ನೂ ಚೆನ್ನ. ರಾತ್ರಿ ತೆಗೆದ ಫೋಟೊ ಆದರೆ ಅದರಲ್ಲಿ ಕಾಳುಕಾಳು ನಾಯ್ಸ್ ಇರುತ್ತದೆ. ಅಪ್ಪನ ಮುಖಕ್ಕೂ ಅಷ್ಟೇ ನಾಯ್ಸ್ ಸೇರಿಸಿ.

ಎಲ್ಲಕ್ಕಿಂತ ಮೊದಲು ಅಮ್ಮನನ್ನು ಒಂದು ಮಾತು ಕೇಳಿ. ಸರ್‌ಪ್ರೈಸ್ ಕೊಡುವ ವಿಷಯ ಇದಲ್ಲ.

ಪ್ರಶ್ನೆ: ‘ಒಂದೇ ಕ್ಲಿಕ್‌ನಲ್ಲಿ ಮಿಕ್ಸಿಂಗ್’ ಅಂತ ಆಕ್ಷನ್ ಪ್ಯಾಕ್ ಮಾರುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ಆಕ್ಷನ್ ಅಂದರೆ ಯಾರೋ ಅವರ ಫೋಟೊ ಮೇಲೆ ಮಾಡಿದ ಕೆಲಸದ ರೆಕಾರ್ಡಿಂಗ್. ನಿಮ್ಮ ಫೋಟೊದಲ್ಲಿ ಲೈಟು ಯಾವ ಕಡೆಯಿಂದ ಬಿದ್ದಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಸುಮ್ನೆ ದುಡ್ಡು ಹಾಳು.

ಪ್ರಶ್ನೆ: ಎಐ ಆ್ಯಪ್‌ಗೆ ಹೇಳಿದರೆ ಅಪ್ಪ ನಗುತ್ತಾ ನಿಂತುಬಿಡುತ್ತಾರಂತೆ?

ಉತ್ತರ: ನಿಲ್ಲುತ್ತಾರೆ. ಅದು ನಿಮ್ಮಪ್ಪನ ನಗುವಾ ಅಂತ ಅಮ್ಮನನ್ನೇ ಕೇಳಿ.

ಪ್ರಶ್ನೆ: ಹಿನ್ನೆಲೆ ಇಲ್ಲದ ಪಿಎನ್‌ಜಿ ಹಾರ ಅಂತ ಇಳಿಸಿಕೊಂಡೆ. ಹಿಂದೆ ಚೌಕಳಿ ಹೋಗುತ್ತಲೇ ಇಲ್ಲ.

ಉತ್ತರ: ಆ ಚೌಕಳಿಯೂ ಚಿತ್ರದ್ದೇ ಭಾಗ, ನಕಲಿ ಮಾಲು. ಡಿಲೀಟ್ ಮಾಡಿ.

ಪ್ರಶ್ನೆ: ಫೋಟೊಶಾಪ್‌ಗೆ ದುಡ್ಡಿಲ್ಲ, ಕ್ರ್ಯಾಕ್ ಎಲ್ಲಿ ಸಿಗುತ್ತೆ?

ಉತ್ತರ: ಗಿಂಪ್ ಬಿಟ್ಟಿಯಾಗಿದೆ. ಬ್ರೌಸರ್‌ನಲ್ಲೇ ನಡೆಯುವ ಫೋಟೊಪೀ ಇದೆ. ಎರಡರಲ್ಲೂ ಮಾಸ್ಕ್ ಇದೆ.

ಪ್ರಶ್ನೆ: ಫ್ಲೆಕ್ಸ್‌ಗೆ ಮಂತ್ರಿಗಳ ಜೊತೆ ನಿಂತ ಹಾಗೆ ನನ್ನ ಫೋಟೊ ಸೇರಿಸಬೇಕು.

ಉತ್ತರ: ಆಗಲ್ಲ.

ಪ್ರಶ್ನೆ: ಎರಡೂ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ. ನೀವೇ ಮಾಡಿಕೊಡಿ ಸಾರ್.

ಉತ್ತರ: ಮಾಡಿಕೊಡಲ್ಲ. ಬೇರೆ ಯಾರಿಗಾದರೂ ಕಳಿಸುವುದಾದರೆ ಫೋಟೊ ಆಗಿ ಕಳಿಸಬೇಡಿ, ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.