ಸೀಮೆಸುಣ್ಣ ಬೇಡ, ಬೆಳಗಿನ ಬಿಸಿಲು ಸಾಕು

ಪ್ರಶ್ನೆ: ಮಗಳು ಅಳಿಯ ಅಮೆರಿಕದ ಆಲ್ಬುಕರ್ಕಿಯಲ್ಲಿದಾರೆ, ಜೂನ್‌ನಲ್ಲಿ ನಾವಿಬ್ರೂ ಹೋಗ್ಬೇಕು ಅಂತಿದೀವಿ. ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೋ ಜನ ಬಂಡೆ ಮೇಲೆ ಕೆತ್ತಿರೋ ಹಳೇ ಚಿತ್ರಗಳನ್ನ ನಡ್ಕೊಂಡೇ ಹೋಗಿ ನೋಡೋ ಆಸೆ. ನನಗೆ ಸಿಂಹಗಡ ಹತ್ತೋ ಅಭ್ಯಾಸ ಇದೆ, ಯಜಮಾನ್ರಿಗೆ ಮಂಡಿನೋವು. ಗೆರೆ ಮೇಲೆ ಸೀಮೆಸುಣ್ಣ ತೀಡಿದ್ರೆ ಫೋಟೋ ಚೆನ್ನಾಗಿ ಬರುತ್ತಂತೆ, ಹೌದಾ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಸೀಮೆಸುಣ್ಣ ಖಂಡಿತ ಬೇಡಮ್ಮ, ಕೈಯಿಂದ ಮುಟ್ಟೋದೂ ಬೇಡ. ಆ ಬಂಡೇನೂ ನಮ್ಮ ಪುಣೆ ಕರಿಕಲ್ಲಿನ ಜಾತಿನೇ, ಲಾವಾದಿಂದ ಆಗಿದ್ದು, ಅದರ ಮೇಲೆ ಕಾಲಕ್ರಮೇಣ ಕಬ್ಬಿಣ ಮ್ಯಾಂಗನೀಸಿನ ತೆಳುವಾದ ಕಪ್ಪು ಪದರ ಕೂತಿರುತ್ತೆ, ಕಲ್ಲಿನಿಂದ ಕುಟ್ಟಿ ಆ ಪದರ ತೆಗೆದಾಗ ಒಳಗಿನ ತಿಳಿ ಬಣ್ಣ ಕಾಣ್ಸುತ್ತೆ, ಅದೇ ಚಿತ್ರ. ಕೈ ಜಿಡ್ಡು ತಾಗಿದ್ರೂ ಅದಕ್ಕೆ ಹಾನಿ. ಫೋಟೋಗೆ ಬೆಳಿಗ್ಗೆ ಇಲ್ಲಾ ಸಂಜೆಯ ಓರೆ ಬಿಸಿಲು ಸಾಕು, ಗೆರೆ ತಾನಾಗೇ ಎದ್ದು ಕಾಣುತ್ತೆ.

ಊರಿನ ಪಶ್ಚಿಮ ಅಂಚಲ್ಲೇ ಪೆಟ್ರೊಗ್ಲಿಫ್ (ಅಂದ್ರೆ ಬಂಡೆ ಕೆತ್ತನೆ) ನ್ಯಾಷನಲ್ ಮಾನ್ಯುಮೆಂಟ್ ಇದೆ, ಸುಮಾರು 24,000 ಚಿತ್ರ, ಹೆಚ್ಚಿನವು 400ರಿಂದ 700 ವರ್ಷ ಹಳೇವು. ನಿಮಗೆ ರಿಂಕೊನಾಡಾ ಕಣಿವೆ ಸರಿ, ಹೋಗಿ ಬರೋಕೆ ಮೂರೂವರೆ ಕಿಲೋಮೀಟರ್, ಮರಳು ದಾರಿ, ನಡುವೆ ನೀರು ಸಿಗಲ್ಲ. ಯಜಮಾನ್ರನ್ನ ಬೋಕಾ ನೆಗ್ರಾ ಕಡೆ ಕರ್ಕೊಂಡು ಹೋಗಿ, ಅಲ್ಲಿ ಮಕಾವ್ ಅನ್ನೋ ದಾರಿ ತೀರಾ ಚಿಕ್ಕದು, ಗಿಳಿಯ ಚಿತ್ರ ಇದೆ, ಅದು ಆ ಮರುಭೂಮಿ ಹಕ್ಕಿನೇ ಅಲ್ಲ, ದೂರದ ಮೆಕ್ಸಿಕೋ ಕಡೆಯಿಂದ ವ್ಯಾಪಾರದಲ್ಲಿ ಬಂದಿದ್ದು, ನನಗಂತೂ ಇದನ್ನ ನೆನೆದಾಗಲೆಲ್ಲ ಮೈ ಜುಂ ಅನ್ನುತ್ತೆ.

ಟಿಕೆಟ್ ಬದಲಾಯ್ಸೋಕೆ ಆದ್ರೆ ಅಕ್ಟೋಬರ್‌ಗೆ ಹಾಕ್ಸಿ. ಜೂನೇ ಅಂದ್ರೆ ಬೆಳಿಗ್ಗೆ ಬೇಗ ಹೊರಟು ಬಿಸಿಲೇರೋ ಮುಂಚೆ ವಾಪಸ್ ಬನ್ನಿ. ಆ ಊರೇ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಸಿಂಹಗಡಕ್ಕಿಂತ ಮೇಲೆ, ಅದಕ್ಕೇ ಮೊದಲೆರಡು ದಿನ ಸುಮ್ನೆ ಮನೇಲಿರಿ. ಬಂಡೆ ಸಂದಿಗೆ ಕೈ ಹಾಕ್ಬೇಡಿ, ರ‍್ಯಾಟಲ್‌ಸ್ನೇಕ್ ಅನ್ನೋ ವಿಷದ ಹಾವು ಇರ್ತವೆ.

ಇನ್ನೊಂದು, ಈ ಪ್ಯೂಬ್ಲೋದವರು ಅಳಿದುಹೋದ ಜನ ಅಲ್ಲ. ಆಲ್ಬುಕರ್ಕಿ ಇರೋ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಇವತ್ತಿಗೂ 19 ಪ್ಯೂಬ್ಲೋ ಸಮುದಾಯಗಳಿವೆ, ಅವರಿಗೆ ಆ ಜಾಗ ನಮ್ಗೆ ದೇವಸ್ಥಾನ ಇದ್ದಂಗೆ. ಯಾವುದಾದ್ರೂ ಚಿತ್ರದ ಅರ್ಥ ಹೇಳೋಕೆ ಅವರು ಒಪ್ಪದಿದ್ರೆ ಕೆದಕ್ಬೇಡಿ.

ಹೊರಡೋ ಮುಂಚೆ, ಮಳೆಗಾಲಕ್ಕೆ ಮೊದಲೇ, ಒಂದ್ಸಲ ರಾಜಾಪುರದ ಹತ್ರ ಕಶೇಳಿಗೂ ಹೋಗ್ಬನ್ನಿ. ಕೆಂಪು ಮುರಕಲ್ಲಿನ ಬಯಲಲ್ಲಿ ನೆಲದ ಮೇಲೇ ಕೊರೆದ ಭಾರೀ ಆನೆ ಇದೆ, ಅದರ ಹೊಟ್ಟೆ ತುಂಬ ಬೇರೆ ಪ್ರಾಣಿಗಳು. ಕೊಂಕಣದ ಈ ಕೆತ್ತನೆಗಳು 2022ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿವೆ. ಚಿತ್ರ ಕಾಲಡಿಯಲ್ಲೇ ಇರೋದ್ರಿಂದ ಗೆರೆ ತುಳೀದೆ ಪಕ್ಕದಲ್ಲೇ ನಡೀರಿ.