ದನಿ ಬದಲಿಸಿ ಮಾತಾಡಲು ಬರದವರು ರೋಲ್‌ಪ್ಲೇ ಆಡಬಹುದಾ?

ಪ್ರಶ್ನೆ: ನನಗೆ 27 ವರ್ಷ. ಊರು ಪುತ್ತೂರಿನ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಆಫೀಸಿನ ನಾಲ್ಕು ಜನ ಗೆಳೆಯರು ಪ್ರತಿ ಶನಿವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ರೋಲ್‌ಪ್ಲೇ ಆಟ) ಆಡುತ್ತಾರೆ, ನನ್ನನ್ನೂ ಕರೆದಿದ್ದಾರೆ. ಒಂದು ದಿನ ಹೋಗಿ ಸುಮ್ನೆ ಕೂತು ನೋಡಿದೆ. ಒಬ್ಬರು ಮುದುಕ ಮಂತ್ರವಾದಿಯ ದನಿಯಲ್ಲಿ ಪಟಪಟ ಇಂಗ್ಲಿಷ್ ಮಾತಾಡುತ್ತಿದ್ದರು. ಕಥೆ ತುಂಬಾ ಇಷ್ಟವಾಯಿತು. ಆದರೆ ಹಾಗೆ ಮಾತಾಡುವುದನ್ನು ನೆನೆಸಿಕೊಂಡರೇ ಬೆವರುತ್ತೇನೆ. ಶಾಲೆಯ ನಾಟಕದಲ್ಲೂ ನಾನು ಪರದೆ ಎಳೆಯುವ ಕೆಲಸ ಕೇಳಿ ಪಡೆದವನು. ಹೇಗೆ ಶುರು ಮಾಡಲಿ?

ಉತ್ತರ: ಪುತ್ತೂರು ಅಂತ ಓದಿದ ಕೂಡಲೇ ನನಗೆ ಯಕ್ಷಗಾನದ ತಾಳಮದ್ದಳೆ ನೆನಪಾಯಿತು. ನೀವು ಚಿಕ್ಕಂದಿನಲ್ಲಿ ನೋಡಿಯೇ ಇರುತ್ತೀರಿ, ಅಲ್ವಾ? ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು, ಅಂದರೆ ಪಾತ್ರಗಳ ಮಾತಾಡುವವರು, ಎದುರುಬದುರು ಕೂರುತ್ತಾರೆ, ಭಾಗವತರು ಪದ ಹೇಳುತ್ತಾರೆ, ಪದ ಮುಗಿದ ಮೇಲೆ ಒಬ್ಬರು ವಾಲಿಯಾಗಿ ಕೇಳುತ್ತಾರೆ, ಇನ್ನೊಬ್ಬರು ರಾಮನಾಗಿ ಉತ್ತರ ಕೊಡುತ್ತಾರೆ, ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ವಾಲಿಯಾದವರು ವಾನರನ ದನಿ ತೆಗೆಯುವುದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ನ್ಯಾಯವಾ ಎಂದು ಕೇಳುತ್ತಾರೆ. ಅಷ್ಟಕ್ಕೇ ಎದುರಿಗೆ ವಾಲಿ ಬಿದ್ದಿರುವುದು ನಮಗೆ ಕಾಣುತ್ತದೆ.

ನಿಮ್ಮ ಶನಿವಾರದ ಆಟವೂ ಇದೇ. ಪಾತ್ರಕ್ಕೆ ಏನು ಬೇಕು ಅಂತ ಗೊತ್ತಿದ್ದರೆ ಸಾಕು, ದನಿ ಬೇಕಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟ ಹೊರತಂದಾಗ ಅವರು ನಾಟಕದವರಾಗಿರಲಿಲ್ಲ, ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಯುದ್ಧದಾಟ ಆಡುತ್ತಿದ್ದವರು. ಇದು ನಟರಿಗೆ ಮಾತ್ರ ಎಂಬ ಭಯ ನಿಮಗೆ ಬೇಡ.

"ನನ್ನ ಪಾತ್ರ ಕಾವಲುಗಾರನಿಗೆ ಸುಳ್ಳು ಹೇಳಿ ಒಳಗೆ ನುಗ್ಗಲು ನೋಡುತ್ತಾನೆ." ಹೀಗಂದರೂ ಅದು ರೋಲ್‌ಪ್ಲೇನೇ. ಯಾವ ಸುಳ್ಳು ಅಂತ ಆಟ ನಡೆಸುವವರು (ಕಥೆ ಹೇಳುತ್ತಾ ಕಾವಲುಗಾರನಂಥ ಉಳಿದ ಪಾತ್ರಗಳನ್ನೂ ಆಡುವವರು) ಕೇಳಿದರೆ, ಅಡುಗೆಗೆ ಬಂದವನು ಅಂತಾನೆ, ಅನ್ನಿ. ಆಮೇಲೆ 20 ಮುಖದ ದಾಳ ಉರುಳಿಸುತ್ತೀರಿ, ಪಾತ್ರದ ಮಾತಿನ ಮೋಡಿಗೆ ಇರುವ ಅಂಕ ಕೂಡಿಸುತ್ತೀರಿ, ಮಧ್ಯಮ ಕಷ್ಟದ ಕೆಲಸವಾದರೆ 15 ಮುಟ್ಟಬೇಕು. ಮುಟ್ಟಿದರೆ ಕಾವಲುಗಾರ ನಂಬುತ್ತಾನೆ. ನಿಮಗೆ ಮಾತು ಬರದಿದ್ದರೂ ನಿಮ್ಮ ಪಾತ್ರ ಮಾತಿನ ಮಲ್ಲನಾಗಬಹುದು, ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ನ್ಯಾಯ ಇದು. ಹೀಗೆ ಹೇಳುತ್ತಾ ಹೋದವರು ಯಾವುದೋ ಒಂದು ಕಡೆ, ಜಗಳವೋ ಚೌಕಾಶಿಯೋ ಬಿಸಿಯೇರಿದಾಗ, ತಾವೇ ತಿಳಿಯದೆ "ಅವನು" ಬಿಟ್ಟು "ನಾನು" ಅನ್ನುತ್ತಾರೆ. ನಾನು ಆಟ ನಡೆಸುವಾಗ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕಾಗಿ ಒತ್ತಾಯ ಮಾಡಿಕೊಳ್ಳಬೇಡಿ.

ಭಾಷೆಯ ವಿಷಯ. ದಾಳ, ಲೆಕ್ಕ, ಮಂತ್ರದ ಹೆಸರು ಇಂಗ್ಲಿಷ್‌ನಲ್ಲೇ ಇರಲಿ, ನಿಮ್ಮ ಪಾತ್ರ ಕನ್ನಡ ಮಾತಾಡಲಿ, ಅದೂ ನಿಮ್ಮ ಕಡೆಯ ಕನ್ನಡ. ಗೆಳೆಯರಿಗೆ ಕನ್ನಡ ಬಂದರೆ ಇದರಲ್ಲಿ ಏನೂ ತೊಡಕಿಲ್ಲ. ಬರದಿದ್ದರೆ ಎರಡನ್ನೂ ಬೆರೆಸಿ.

ಪಾತ್ರವನ್ನು ಸರಳವಾಗಿ ಮಾಡಿಕೊಳ್ಳಿ. ಮೊದಲ ಸಲಕ್ಕೆ ಫೈಟರ್, ಅಂದರೆ ಆಯುಧ ಹಿಡಿದು ಹೋರಾಡುವ ಯೋಧ, ಒಳ್ಳೆಯದು, ಮಂತ್ರಗಳ ಪಟ್ಟಿ ಕಲಿಯುವ ಗೋಜಿಲ್ಲ. ಅವನಿಗೆ ಒಂದು ಆಸೆ, ಒಂದು ಹೆದರಿಕೆ ಇರಲಿ. ಉದಾಹರಣೆಗೆ, ತಂಗಿಯ ಮದುವೆಗೆ ಹಣ ಬೇಕು, ಕತ್ತಲೆ ಕಂಡರೆ ಆಗುವುದಿಲ್ಲ. ಗುಹೆಯ ಬಾಯಲ್ಲಿ ನಿಂತಾಗ ಏನು ಹೇಳಬೇಕು ಅಂತ ನೀವು ಯೋಚಿಸಬೇಕಾಗಿಯೇ ಇಲ್ಲ.

ಆಟ ನಡೆಸುವವರಿಗೆ ಮುಂಚೆಯೇ ಒಂದು ಮೆಸೇಜ್ ಹಾಕಿ: ನಾನು ಹೊಸಬ, ತಟ್ಟನೆ ನನ್ನತ್ತ ತಿರುಗಿ ಕೇಳಬೇಡಿ, ನನ್ನ ಸರದಿ ಮೊದಲೇ ತಿಳಿಸಿ. ನಡೆಯುತ್ತಿರುವ ದೊಡ್ಡ ಕಥೆಯ ಮಧ್ಯೆ ಸೇರುವ ಬದಲು, ಒಂದೇ ದಿನದಲ್ಲಿ ಮುಗಿಯುವ ಮೂರ್ನಾಲ್ಕು ಗಂಟೆಯ ಕಥೆ ಇಡಬಹುದಾ ಅಂತ ಕೇಳಿ. ಎಕ್ಸ್ ಕಾರ್ಡ್ ಬಗ್ಗೆಯೂ ವಿಚಾರಿಸಿ. ಎಕ್ಸ್ ಗುರುತಿನ ಒಂದು ಚೀಟಿ ಮೇಜಿನ ಮಧ್ಯೆ ಇರುತ್ತದೆ, ಯಾವುದಾದರೂ ದೃಶ್ಯ ನಿಮಗೆ ಕಷ್ಟವಾದರೆ ಅದನ್ನು ಮುಟ್ಟಿ, ಕಾರಣ ಹೇಳಬೇಕಿಲ್ಲ, ಆ ಭಾಗ ಬಿಟ್ಟು ಕಥೆ ಮುಂದೆ ಹೋಗುತ್ತದೆ.

ಇನ್ನೂ ಗಂಟಲು ಕಟ್ಟಿದರೆ ಮಂತ್ರವಾದಿಯ ಪಾತ್ರದವರನ್ನೇ ಒಂದು ಪ್ರಶ್ನೆ ಕೇಳಿ. "ಅಜ್ಜಾ, ಈ ಬಾಗಿಲನ್ನು ಮುಂಚೆ ನೋಡಿದ್ದೀರಾ?" ಅವರು ಐದು ನಿಮಿಷ ಮಾತಾಡುತ್ತಾರೆ. ಅಷ್ಟರಲ್ಲಿ ನೀವು ಬಾಗಿಲು ತೆರೆಯಬೇಕಾ ಬೇಡವಾ ಅಂತ ಯೋಚಿಸಿಟ್ಟುಕೊಳ್ಳಿ.