ಸೊಂಟ ಉಳಿಯಬೇಕಾದರೆ ಮೊದಲು ಮಂಚ ಎತ್ತರಿಸಿ

ಪಾರ್ಶ್ವವಾಯು ಆದ ಅತ್ತೆಯವರನ್ನು 2 ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ ಸೊಂಟ ಹಿಡಿದಿದೆ, ನಿದ್ದೆಯೂ ಇಲ್ಲ ಅಂದಿದ್ದೀರಿ. ತಗ್ಗಿನ ಮಂಚಕ್ಕೆ ಬಗ್ಗಿ ಎಳೆದರೆ ಸೊಂಟ ಹಿಡಿಯದೆ ಇರದು ಮೇಡಂ. ಬಡಗಿಯಿಂದ ಮಂಚದ ಕಾಲು ಎತ್ತರಿಸಿ, ಹಾಸಿಗೆ ನಿಮ್ಮ ಸೊಂಟದ ಮಟ್ಟಕ್ಕೆ ಬರಲಿ; ಪಕ್ಕಕ್ಕೆ ಕಂಬಿ ಬೇಕೇ ಬೇಕು. ಹಳೇ ಕಾಟನ್ ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ ಅವರ ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿ. ಅವರ ಆಚೆ ಬದಿಯ ಮಂಡಿ ಮಡಿಸಿ. ನೀವು ಒಂದು ಕಾಲು ಮುಂದಿಟ್ಟು, ಶೀಟಿನ ಆಚೆ ಅಂಚು ಹಿಡಿದು, ಬೆನ್ನು ನೆಟ್ಟಗಿಟ್ಟು ಮೈಭಾರವನ್ನು ಹಿಂದಕ್ಕೆ ಬಿಡಿ. ನಿಮ್ಮ ಕಡೆ ಹೊರಳುತ್ತಾರೆ. ಸ್ವಾಧೀನವಿಲ್ಲದ ಕೈ ಹಿಡಿದು ಮಾತ್ರ ಎಳೆಯಬೇಡಿ, ಭುಜದ ಕೀಲು ಜಾರಬಹುದು.

ರಾತ್ರಿ 10ರಿಂದ 2ರವರೆಗೆ ನಿಮ್ಮ ಯಜಮಾನರು ನೋಡಿಕೊಳ್ಳಲಿ, ನೀವು ಬೇರೆ ಕೋಣೆಯಲ್ಲಿ ಮಲಗಿ. ಕೇಳಲು ಸಂಕೋಚ ಬೇಡ, ಅವರದೇ ತಾಯಿ. ನೋವು ಕಾಲಿಗಿಳಿದು ಜೋಮು ಹಿಡಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.